ಹೊಂಗೆ ಎಲೆ ಉದುರಿ ಈಜುಕೊಳದ ನೀರು ಡಿಕಾಕ್ಷನ್ ಬಣ್ಣಕ್ಕೆ ಬಂದಿದೆ, ಮರ ಕಡಿಯದೆ ದಾರಿ ಇದೆಯಾ?

ಹೊಂಗೆನೆರಳು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ಭಾನುವಾರ ನಮ್ಮ ಸಂಘದ ಸಭೆ, ಅಷ್ಟರೊಳಗೆ ನನ್ನ ಕೈಯಲ್ಲಿ ಏನಾದರೂ ಉತ್ತರ ಇರಬೇಕು.

64 ಮನೆಗಳ ಅಪಾರ್ಟ್‌ಮೆಂಟ್. ಕೊಳ 15 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ ಆಳ 1.2 ಮೀಟರ್. ಲೆಕ್ಕ ಹಾಕಿದರೆ ಒಂದು ಲಕ್ಷ ಎಂಟು ಸಾವಿರ ಲೀಟರ್ ನೀರು. ಪೂರ್ವದ ಕಾಂಪೌಂಡ್ ಪಕ್ಕದಲ್ಲಿ ಮೂರು ಹೊಂಗೆ ಮರಗಳಿವೆ. ಕಟ್ಟಡ ಏಳುವ ಮುಂಚೆ ಅಲ್ಲಿ ಹೊಲ ಇತ್ತಂತೆ, ಅದರ ಬದುವಿನಲ್ಲಿದ್ದ ಮರಗಳೇ ಇವು.

ಫೆಬ್ರವರಿ ಬಂತು ಅಂದರೆ ಎಲೆ ಉದುರೋಕೆ ಶುರು. ಬೆಳಿಗ್ಗೆ ಹೋಗಿ ನೋಡಿದರೆ ಪಶ್ಚಿಮದ ಮೂಲೆಯಲ್ಲಿ ತಳದ ಟೈಲ್ಸೇ ಕಾಣಲ್ಲ, ಅಷ್ಟು ಎಲೆ ಕೂತಿರುತ್ತೆ. ಈ ಸಲ ನೀರು ತೆಳು ಡಿಕಾಕ್ಷನ್ ಬಣ್ಣಕ್ಕೆ ಬಂದಿದೆ. ಮಕ್ಕಳಿಗೆ ಕಣ್ಣುರಿ. ಕ್ಲೋರಿನ್ ವಾಸನೆ ಎರಡನೇ ಮಹಡಿಗೂ ಬರುತ್ತೆ. ನಿರ್ವಹಣೆಯವರು ಎರಡು ಪರಿಹಾರ ಹೇಳಿದ್ದಾರೆ: ಕೊಳ ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬಿಸಿ, ಮೂರೂ ಮರ ತೆಗೆಸಿ. ಸಮಿತಿಯಲ್ಲಿ ಹೆಚ್ಚಿನವರು ಇದಕ್ಕೆ ಒಪ್ಪಿದಂತಿದೆ.

ನನಗೆ ಅರ್ಥವಾಗದ್ದು ಒಂದಿದೆ. ಜುಲೈನಲ್ಲಿ ಇದಕ್ಕಿಂತ ಜೋರು ಗಾಳಿ ಇರುತ್ತೆ, ಆಗಲೂ ಎಲೆ ಬೀಳುತ್ತೆ, ಆದರೆ ಆಗ ಕೊಳಕ್ಕೆ ಇಷ್ಟು ತೊಂದರೆ ಆಗಿದ್ದೇ ಇಲ್ಲ. ಯಾಕೆ?

ಪಂಪ್‌ರೂಂ, ಬೆಂಗಳೂರು

ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಮೊದಲು ಒಂದು ಮಾತು ಹೇಳ್ತೀನಿ, ಮಿಕ್ಕಿದ್ದೆಲ್ಲ ಅದರಿಂದಲೇ ಬರೋದು. ಎಲೆ ತೇಲ್ತಿರುವಾಗ ಎತ್ತಿದರೆ ಅದು ಬರೀ ಕಸ. ಮುಳುಗಿದ ಮೇಲೆ ಅದು ನೀರಿಗೆ ಬಿದ್ದ ಔಷಧಿ ಖರ್ಚು, ಕರೆಂಟ್ ಖರ್ಚು, ನೀರಿನ ಖರ್ಚು. ಮೇಲ್ಮೈ ಸರಿ ಇಟ್ಟುಕೊಂಡರೆ ತಳ ತಾನಾಗೇ ಸರಿ ಇರುತ್ತೆ.

ನಿಮ್ಮ ಜುಲೈ ಪ್ರಶ್ನೆಗೆ ನನಗೊಂದು ಊಹೆ ಇದೆ. ಸ್ಕಿಮ್ಮರ್, ಅಂದರೆ ಮೇಲೆ ತೇಲೋ ಎಲೆನ ಎಳ್ಕೊಂಡು ಒಳಗಿನ ಬುಟ್ಟಿಗೆ ಹಾಕೋ ಬಾಯಿ, ಯಾವ ಗೋಡೆಯಲ್ಲಿದೆ? ನೀರು ವಾಪಸ್ ಬರೋ ನಳಿಕೆಗಳು ಯಾವ ಗೋಡೆಯಲ್ಲಿವೆ? ಸ್ಕಿಮ್ಮರ್ ಬಾಯಲ್ಲಿರೋ ಫ್ಲಾಪ್ (ಸಣ್ಣ ಬಾಗಿಲು) ಆಡ್ತಿದೆಯಾ? ನೀರಿನ ಮಟ್ಟ ಎಲ್ಲಿದೆ? ಪಂಪ್ ಯಾವ ಹೊತ್ತಿಂದ ಯಾವ ಹೊತ್ತಿನ ತನಕ ಓಡುತ್ತೆ? ಈ ಐದು ನೋಡಿ ಬಂದು ಹೇಳಿ. ಅಲ್ಲಿವರೆಗೂ ಒಂದು ತೊಟ್ಟು ನೀರೂ ಹೊರಗೆ ಬಿಡಬೇಡಿ.

ಎರಡನೇ ಮಹಡಿ, ಬೆಂಗಳೂರು

ನಾನು ಇನ್ನೊಂದು ಪಕ್ಷದ ಮಾತು ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ನಮ್ಮ ಅಪಾರ್ಟ್‌ಮೆಂಟ್‌ನಲ್ಲೂ ಕೊಳದ ಪಕ್ಕ ಹೊಂಗೆ ಇದೆ. ಹೋದ ವರ್ಷ ಯುಗಾದಿ ಹೊತ್ತಿಗೆ ಒದ್ದೆ ಕಲ್ಲಿನ ಮೇಲೆ ಬಿದ್ದಿದ್ದ ಹೂವಿನ ಮೇಲೆ ಕಾಲಿಟ್ಟು ನಮ್ಮ ಅತ್ತೆ ಜಾರಿ ಬಿದ್ದರು. ಮಣಿಕಟ್ಟು ಮುರಿದು ಆರು ವಾರ ಪಟ್ಟಿ ಹಾಕಿದ್ದರು. ಮರದ ಮೇಲೆ ಪ್ರೀತಿ ನನಗೂ ಇದೆ. ಆದರೆ ಈಜುಕೊಳ, ಮರ ಎರಡೂ ಒಂದೇ ಜಾಗದಲ್ಲಿ ಬೇಡ ಅನ್ನೋರ ಮಾತನ್ನ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ.

ಸಸ್ಯಶಾಸ್ತ್ರದ ಮೇಷ್ಟ್ರು, ಮೈಸೂರು

ಅತ್ತೆಯವರು ಈಗ ಚೆನ್ನಾಗಿದ್ದಾರೆ ಅಂದುಕೊಳ್ಳುತ್ತೇನೆ. ಒದ್ದೆ ಕಲ್ಲಿನ ಮೇಲಿನ ಹೂವು ನಿಜಕ್ಕೂ ಅಪಾಯ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಮರ ಕಡಿಯುವ ವಿಚಾರಕ್ಕೆ ಬಂದರೆ, ಕಾನೂನು ಅಡ್ಡ ಬರುತ್ತದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ಮರ ನಮ್ಮದೇ ಕಾಂಪೌಂಡಿನಲ್ಲಿದ್ದರೂ ಕಡಿಯುವುದಕ್ಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸಂಘದ ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನಿಸುವ ವಿಷಯ ಇದಲ್ಲ. ಕೊಂಬೆ ಇಳಿಸುವುದಿದ್ದರೂ ಮೊದಲೇ ಕೇಳಿಕೊಂಡು ಮಾಡುವುದು ಕ್ಷೇಮ.

ಇನ್ನು ಮರದ ಸ್ವಭಾವ. ಹೊಂಗೆ ವರ್ಷವಿಡೀ ಎಲೆ ಸುರಿಸುವ ಮರವಲ್ಲ. ಚಳಿ ಹಿಂದೆ ಸರಿಯುವ ಹೊತ್ತಿಗೆ ಹಳದಿಯಾಗಿ ಉದುರಿಸಿ, ಕೆಲವೇ ವಾರಗಳಲ್ಲಿ ಮಿರಮಿರ ಮಿಂಚುವ ಎಳೆ ಎಲೆ ಹೊರಡಿಸುತ್ತದೆ. ಅದರ ಬೆನ್ನಿಗೇ ಹೂವು. ಆ ಹೂವು ನೆಲಕ್ಕೆ ಬಿದ್ದರೆ ಪುರಿ ಚೆಲ್ಲಿದ ಹಾಗೆ ಕಾಣುತ್ತದೆ. ಅಂದರೆ ನಿಮಗೆ ಕಷ್ಟದ ಕಾಲ ವರ್ಷದಲ್ಲಿ ಎರಡೂವರೆ, ಮೂರು ತಿಂಗಳು. ಮಿಕ್ಕ ಒಂಬತ್ತು ತಿಂಗಳು ನೆರಳು. ಹೊಂಗೆ ನೆರಳು ಹೆತ್ತವ್ವನ ಮಡಿಲು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ನೆರಳಿದ್ದರೆ ಬೇಸಿಗೆಯಲ್ಲಿ ಕೊಳದ ನೀರು ಆವಿಯಾಗುವುದೂ ಕಡಿಮೆ, ಬಿಸಿಲಿಗೆ ಕ್ಲೋರಿನ್ ಸುಟ್ಟುಹೋಗುವುದೂ ಕಡಿಮೆ. ಮರ ತೆಗೆದಾಗ ಇವೆರಡರ ಖರ್ಚೂ ಏರುತ್ತದೆ ಎಂಬುದನ್ನು ಸಮಿತಿಯವರಿಗೆ ಹೇಳಿ.

ಎಲೆಯ ಗಾತ್ರವನ್ನೂ ಗಮನಿಸಿ. ಹೊಂಗೆ ಎಲೆ ಅಂಗೈ ಉದ್ದದ್ದು, ಯಾವ ಬಲೆಗಾದರೂ ಸಿಗುತ್ತದೆ. ಕೊಳದ ಪಕ್ಕ ಗುಲ್‌ಮೊಹರ್ ಇದ್ದವರನ್ನು ಕೇಳಿ ನೋಡಿ. ಅದರ ಕಿರುಎಲೆ ಅಕ್ಕಿ ಕಾಳಿಗಿಂತ ತುಸು ದೊಡ್ಡದು ಅಷ್ಟೆ, ಬುಟ್ಟಿಯ ತೂತಿನಲ್ಲಿ ನುಸುಳಿ ನೇರ ಪಂಪಿಗೆ ಹೋಗುತ್ತದೆ.

ಹೊಂಗೆನೆರಳು, ಬೆಂಗಳೂರು

ಈಗಷ್ಟೇ ಕೆಳಗಿಂದ ಬಂದೆ. ಪಂಪ್‌ರೂಂ ಅವರ ಐದು ಪ್ರಶ್ನೆಗೆ ಉತ್ತರ:

ಸ್ಕಿಮ್ಮರ್ ಎರಡು, ಎರಡೂ ಪೂರ್ವದ ಗೋಡೆಯಲ್ಲಿ, ಅಂದರೆ ಮರಗಳ ಬುಡಕ್ಕೇ. ವಾಪಸ್ ನಳಿಕೆ ನಾಲ್ಕು, ಪಶ್ಚಿಮದ ಗೋಡೆಯಲ್ಲಿ, ನಾಲ್ಕರ ಮೂತಿಯೂ ತಳಕ್ಕೆ ತಿರುಗಿದೆ. ಒಂದು ಸ್ಕಿಮ್ಮರ್‌ಗೆ ಫ್ಲಾಪೇ ಇಲ್ಲ. ಕಾವಲುಗಾರರನ್ನ ಕೇಳಿದರೆ, ರಾತ್ರಿ ಟಪಟಪ ಅಂತ ಸದ್ದು ಮಾಡುತ್ತೆ ಅಂತ ಯಾರೋ ಕಿತ್ತು ಹಾಕಿಸಿದರಂತೆ, ಎರಡು ವರ್ಷ ಆಯಿತಂತೆ. ಇನ್ನೊಂದರ ಫ್ಲಾಪ್ ಇದೆ, ಆದರೆ ನೀರು ಬಾಯಿಯ ಮೇಲಂಚಿನವರೆಗೂ ತುಂಬಿದೆ, ಫ್ಲಾಪ್ ಮುಳುಗಿ ಅಲ್ಲಾಡದೆ ನಿಂತಿದೆ. ಪಂಪ್ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ.

ಬುಟ್ಟಿ ಎತ್ತಿ ನೋಡಿದೆ. ಮೂರೇ ಎಲೆ ಇತ್ತು. ಕೊಳದ ತಳದಲ್ಲಿ ಸಾವಿರಾರು, ಬುಟ್ಟಿಯಲ್ಲಿ ಮೂರು!

ಪಂಪ್‌ರೂಂ, ಬೆಂಗಳೂರು

ಆ ಮೂರೇ ಎಲೆ ನಿಮ್ಮ ಪ್ರಶ್ನೆಗೆ ಉತ್ತರ ಸಾರ್.

ನಮ್ಮೂರಲ್ಲಿ ಚಳಿಗಾಲದಿಂದ ಬೇಸಿಗೆ ಶುರುವಾಗೋವರೆಗೆ ಗಾಳಿ ಹೆಚ್ಚಾಗಿ ಪೂರ್ವದಿಂದ. ಮುಂಗಾರಲ್ಲಿ ಪಶ್ಚಿಮದಿಂದ, ನೈಋತ್ಯದಿಂದ. ನಿಮ್ಮ ಸ್ಕಿಮ್ಮರ್ ಪೂರ್ವದಲ್ಲಿದೆ. ಜುಲೈನಲ್ಲಿ ಗಾಳಿಯೇ ಎಲೆ ತಳ್ಳಿಕೊಂಡು ಹೋಗಿ ಸ್ಕಿಮ್ಮರ್ ಬಾಯಿಗೆ ಹಾಕುತ್ತೆ, ನಿಮಗೆ ಗೊತ್ತೂ ಆಗಲ್ಲ. ಫೆಬ್ರವರಿಯಲ್ಲಿ ಅದೇ ಗಾಳಿ ತಿರುಗಿ ಎಲೆನ ಸ್ಕಿಮ್ಮರ್‌ನಿಂದ ದೂರ, ಪಶ್ಚಿಮದ ಮೂಲೆಗೆ ದಬ್ಬುತ್ತೆ. ಅಲ್ಲಿ ನೆನೆದು ಮುಳುಗುತ್ತೆ.

ಈಗ ಮಾಡಬೇಕಾದ್ದು ಹೇಳ್ತೀನಿ. ನೀರಿನ ಮಟ್ಟ ಸ್ಕಿಮ್ಮರ್ ಬಾಯಿಯ ಅರ್ಧಕ್ಕೆ ಇಳಿಸಿ. ಫ್ಲಾಪ್ ಅಂದರೆ ಒಂದು ಸಣ್ಣ ಬಾಗಿಲು, ಅದರ ಮೇಲಂಚನ್ನ ದಾಟಿ ತೆಳ್ಳಗೆ ನೀರು ಹರಿದಾಗ ಮಾತ್ರ ಮೇಲ್ಮೈ ಎಳೆತ ಹುಟ್ಟೋದು. ಮಟ್ಟ ಜಾಸ್ತಿ ಆದರೆ ಎಳೆತ ಸಾಯುತ್ತೆ, ಕಮ್ಮಿ ಆದರೆ ಪಂಪ್ ಗಾಳಿ ಕುಡಿಯುತ್ತೆ. ಪಂಪ್ ನಿಂತಾಗ ಅದೇ ಫ್ಲಾಪ್ ಮೇಲೆದ್ದು ಬಾಯಿ ಮುಚ್ಚುತ್ತೆ, ಹಿಡಿದ ಎಲೆ ವಾಪಸ್ ಕೊಳಕ್ಕೆ ಬರಲ್ಲ. ಇಷ್ಟು ಕೆಲಸ ಮಾಡೋ ಸಾಮಾನನ್ನ ಸದ್ದಿಗೋಸ್ಕರ ಕಿತ್ತರೆ ಹೇಗೆ? ಅಂಚಿಗೆ ಫೋಮ್ ಪಟ್ಟಿ ಅಂಟಿಸಿದರೆ ಸದ್ದು ನಿಲ್ಲುತ್ತೆ.

ಆಮೇಲೆ ನಳಿಕೆಗಳು. ಒಳಗಿರೋ ಗುಂಡು ಮೂತಿ ಕೈಯಲ್ಲೇ ತಿರುಗುತ್ತೆ, ರಿಂಗ್ ಸ್ವಲ್ಪ ಸಡಿಲ ಮಾಡಿ. ನಾಲ್ಕನ್ನೂ ಮೇಲ್ಮೈ ಕಡೆಗೆ ಓರೆ ಮಾಡಿ. ನೀರು ಚಿಮ್ಮಬಾರದು, ಮೇಲೆ ಸುಕ್ಕು ಸುಕ್ಕಾಗಿ ಅಲೆ ಕಂಡರೆ ಸಾಕು. ಚಿಮ್ಮಿದರೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಏರುತ್ತಾ ಹೋಗುತ್ತೆ. ಹೀಗೆ ಇಟ್ಟರೆ ಪಶ್ಚಿಮದಿಂದ ಪೂರ್ವಕ್ಕೆ ಮೇಲ್ಮೈ ಹರಿವು ಹುಟ್ಟಿ, ಗಾಳಿಗೆ ಎದುರಾಗಿ ಎಲೆನ ಸ್ಕಿಮ್ಮರ್‌ಗೆ ಒಯ್ಯುತ್ತೆ.

ಪಂಪ್‌ರೂಂನಲ್ಲಿ ತಳದ ಡ್ರೈನ್ ವಾಲ್ವ್ ಕಾಲು ಭಾಗ ತೆರೆದಿಟ್ಟು, ಸ್ಕಿಮ್ಮರ್ ವಾಲ್ವ್ ಪೂರ್ತಿ ಬಿಡಿ. ಎಂದೂ ಉಲ್ಟಾ ಮಾಡಬೇಡಿ. ಸ್ಕಿಮ್ಮರ್ ಮುಚ್ಚಿ ಎಳೆತವೆಲ್ಲ ತಳದ ಒಂದೇ ಜಾಲಿಗೆ ಬಿದ್ದರೆ, ಜಾಲಿ ಒಡೆದಿದ್ದರೆ, ಮಗುವಿನ ಕೂದಲೋ ಕೈಯೋ ಸಿಕ್ಕಿಕೊಳ್ಳುತ್ತೆ. ಅಮೆರಿಕದಲ್ಲಿ ಇಂಥದ್ದೇ ಎಳೆತಕ್ಕೆ ಸಿಕ್ಕಿ 2002ರಲ್ಲಿ ಏಳು ವರ್ಷದ ಹುಡುಗಿ ತೀರಿಕೊಂಡಳು. ಆಕೆಯ ಹೆಸರಲ್ಲೇ 2007ರಲ್ಲಿ ಕಾನೂನು ಬಂತು. ಜಾಲಿ ಗಟ್ಟಿ ಇದೆಯಾ ಅಂತ ನಾಳೆಯೇ ನೋಡಿ, ಪಂಪ್ ಆಫ್ ಮಾಡಿ ನೋಡಿ.

ಪಂಪ್ ಹೊತ್ತು ಬದಲಾಯಿಸಿ. ಸಂಜೆ 5ಕ್ಕೆ ನಿಲ್ಲಿಸಿದರೆ ರಾತ್ರಿ ಬಿದ್ದ ಎಲೆಗೆ 16 ಗಂಟೆ ನೆನೆಯೋಕೆ ಸಮಯ ಸಿಗುತ್ತೆ. ಒಟ್ಟು ಗಂಟೆ ಅಷ್ಟೇ ಇರಲಿ, ಎರಡು ಪಾಲು ಮಾಡಿ: ನಸುಕಿನ 5ರಿಂದ 9, ಸಂಜೆ 4ರಿಂದ 8.

ಕಾಫಿಕಣಿವೆ, ಕೊಡಗು

ನಮ್ಮದು ತೋಟದ ನಡುವಿನ ಹೋಂಸ್ಟೇ. ಹೊಂಗೆ ಎಲೆಯಾದರೂ ಬಿಡಿಬಿಡಿ. ನಮಗಿರೋದು ಸಿಲ್ವರ್ ಓಕ್. ಜರಿಗಿಡದ ಎಲೆ ಥರ ಕವಲೊಡೆದು, ಕೆಳಗೆ ಬೆಳ್ಳಿ ಬಣ್ಣ. ಹತ್ತು ಎಲೆ ಸೇರಿದರೆ ಬುಟ್ಟಿಯೊಳಗೆ ನಾರಿನ ಉಂಡೆ ಆಗಿಬಿಡುತ್ತೆ, ನೀರು ಇಳಿಯಲ್ಲ, ಪಂಪ್ ಕಿರುಗುಟ್ಟುತ್ತೆ. ಮಾರ್ಚ್, ಏಪ್ರಿಲ್‌ನಲ್ಲಿ ದಿನಕ್ಕೆ ಮೂರು ಸಲ ಬುಟ್ಟಿ ಖಾಲಿ ಮಾಡ್ತೇವೆ.

ಬುಟ್ಟಿಗೆ ಕೈ ಹಾಕೋ ಎಲ್ಲರಿಗೂ ಒಂದು ಮಾತು. ಮೊದಲು ಮುಚ್ಚಳ ತೆಗೆದು ನೋಡಿ, ಟಾರ್ಚ್ ಬಿಡಿ, ಆಮೇಲೆ ಕೈ. ಕಳೆದ ಮಳೆಗಾಲ ನಾನು ಬೆಳಿಗ್ಗೆ ಮುಚ್ಚಳ ತೆಗೆದೆ, ಎಲೆಯ ರಾಶಿ ನಿಧಾನಕ್ಕೆ ಉಬ್ಬಿ ಇಳೀತಾ ಇತ್ತು. ಒಂದು ಎಲೆ ಕಡ್ಡಿಯಿಂದ ಸರಿಸಿದೆ. ಅದರ ಕೆಳಗೆ ನೀರೊಳ್ಳೆ ಹಾವು ಸುತ್ತಿಕೊಂಡು ಮಲಗಿತ್ತು, ತಲೆ ಮಾತ್ರ ನೀರಿನ ಮೇಲೆ. ವಿಷದ ಹಾವಲ್ಲ, ಆದರೆ ಸಿಟ್ಟು ಬಂದರೆ ಚೆನ್ನಾಗಿ ಕಚ್ಚುತ್ತೆ. ಅದೇ ಬುಟ್ಟಿಯಲ್ಲಿ ನಾಲ್ಕು ಕಪ್ಪೆ ಇದ್ದವು, ಒಂದಕ್ಕೆ ಜೀವ ಇತ್ತು. ಅವತ್ತಿಂದ ಕೊಳದ ಎರಡು ಮೂಲೆಗೆ ಹಲಗೆ ಓರೆಯಾಗಿ ಕಟ್ಟಿ, ಅದಕ್ಕೆ ಒರಟು ಗೋಣಿ ಸುತ್ತಿದ್ದೇವೆ. ಬಿದ್ದ ಕಪ್ಪೆ, ಅಳಿಲು ಹತ್ತಿಕೊಂಡು ಹೋಗ್ತವೆ.

ಇನ್ನೊಂದು, ಮೊದಲ ಮಳೆ ಬಿದ್ದ ಸಂಜೆ ಕೊಳದ ಸುತ್ತಲಿನ ದೀಪ ಎಲ್ಲ ಆರಿಸಿ. ಗೆದ್ದಲಿಗೆ ರೆಕ್ಕೆ ಬಂದು ಏಳೋ ದಿನ ಅದು. ದೀಪ ಇದ್ದರೆ ಅಷ್ಟೂ ಬಂದು ನೀರಿಗೆ ಬೀಳುತ್ತೆ. ಬೆಳಿಗ್ಗೆ ಕೊಳದ ಮೇಲೆ ರೆಕ್ಕೆಗಳದ್ದೇ ಒಂದು ಪದರ. ಆ ರೆಕ್ಕೆ ಬಲೆಗೂ ಸಿಗಲ್ಲ, ಬುಟ್ಟಿಗೂ ನಿಲ್ಲಲ್ಲ.

ಕಡಲತಡಿ, ಉಡುಪಿ

ಬಲೆಗೆ ಸಿಗದ ಸಣ್ಣ ಕಸಕ್ಕೆ ನಮ್ಮಲ್ಲಿ ಒಂದು ಉಪಾಯ ಉಂಟು. ಹೆಂಗಸರು ಕಾಲಿಗೆ ಹಾಕುವ ತೆಳು ನೈಲಾನ್ ಕಾಲುಚೀಲ ಬರ್ತದಲ್ಲ, ಅದನ್ನು ಸ್ಕಿಮ್ಮರ್ ಬುಟ್ಟಿಗೆ ಹೊರಗಿನಿಂದ ಎಳೆದು ಹಾಕಿ. ಗಾಳಿಮರದ ಸೂಜಿ ಎಲೆ, ತೆಂಗಿನ ಹಿಂಗಾರದ ಸಣ್ಣ ಹೂ, ಗೆದ್ದಲಿನ ರೆಕ್ಕೆ, ಎಲ್ಲ ಅದರಲ್ಲೇ ನಿಲ್ತದೆ. ದಿನಾ ತೆಗೆದು ತೊಳೆಯಲೇಬೇಕು. ಮರೆತರೆ ಒಂದೇ ದಿನದಲ್ಲಿ ಕಟ್ಟಿ ನೀರು ನಿಲ್ತದೆ, ಪಂಪ್ ಒಣಗಿ ಓಡ್ತದೆ. ಹೂವಿನ ಕಾಲಕ್ಕೆ ಮಾತ್ರ ಹಾಕಿ, ಮತ್ತೆ ತೆಗೆದಿಡಿ.

ಆಸ್ಟಿನ್ ಕನ್ನಡಿಗ, ಟೆಕ್ಸಸ್

ಇದನ್ನು ಓದುತ್ತಾ ನನ್ನ ಹಿತ್ತಲೇ ಕಣ್ಮುಂದೆ ಬಂತು. ಅಮೆರಿಕದಲ್ಲಿ ಎಲೆ ಉದುರುವುದು ಅಕ್ಟೋಬರ್, ನವೆಂಬರ್‌ನಲ್ಲಿ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಮ್ಮ ಲೈವ್ ಓಕ್ ಮರ ಹಾಗಲ್ಲ. ಚಳಿಗಾಲವೆಲ್ಲ ಹಸಿರಾಗಿದ್ದು, ಸರಿಯಾಗಿ ನಿಮ್ಮ ಹೊಂಗೆಯ ಹೊತ್ತಿಗೇ, ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಹಳೆ ಎಲೆ ಉದುರಿಸಿ ಹೊಸದು ತರುತ್ತದೆ. ಹಿಂದೆಯೇ ದಾರದಂತೆ ಜೋತ ಹೂಗೊಂಚಲು, ಹಳದಿ ಪರಾಗ. ಇಲ್ಲಿ ಕೂತು ಯುಗಾದಿ ಬಂತು ಅಂತ ನನಗೆ ಗೊತ್ತಾಗುವುದು ಕೊಳದ ಮೇಲಿನ ಆ ಹಳದಿ ಪದರ ನೋಡಿದಾಗ.

ರೋಬೋಟ್ ಯಂತ್ರ ಕೊಂಡು ಎಲ್ಲ ಮುಗಿಯಿತು ಅಂತ ನಂಬಿದ್ದೆ. ಮೊದಲ ಮಾರ್ಚ್‌ನಲ್ಲೇ ಅದರ ಚೀಲ ಅರ್ಧ ಗಂಟೆಯಲ್ಲಿ ತುಂಬಿತು, ಆಮೇಲೆ ಎಲೆಯನ್ನು ಬರೀ ಆಚೆ ಈಚೆ ತಳ್ಳುತ್ತಾ ಓಡಾಡಿತು. ರೋಬೋಟ್ ಧೂಳಿಗೆ, ಮರಳಿಗೆ ಚೆನ್ನಾಗಿದೆ. ಎಲೆ ಸುರಿಯುವ ವಾರಗಳಲ್ಲಿ ಮೊದಲು ಕೈಬಲೆ, ಆಮೇಲೆ ಯಂತ್ರ. ಪಂಪಿನ ಎಳೆತದಲ್ಲೇ ಓಡುವ ಕ್ಲೀನರ್ ಇದ್ದವರು ಪೈಪಿನ ನಡುವೆ ಎಲೆ ಹಿಡಿಯುವ ಡಬ್ಬಿ ಕೂರಿಸಿಕೊಳ್ಳಿ, ಇಲ್ಲದಿದ್ದರೆ ಎಲೆ ಪೈಪಿನ ಬಾಗಿನಲ್ಲಿ ಸಿಕ್ಕಿಕೊಂಡರೆ ತೆಗೆಯುವುದು ಬಹಳ ಕಷ್ಟ.

ಕೈಬಲೆಯಲ್ಲೂ ಎರಡು ಥರ. ಚಪ್ಪಟೆ ಬಲೆ ತೇಲುವ ಎಲೆಗೆ. ಆಳವಾದ ಚೀಲದ ಬಲೆ ತಳದ ಎಲೆಗೆ. ಚಪ್ಪಟೆ ಬಲೆಯಿಂದ ತಳ ಬಾಚಲು ಹೋದರೆ ಎಲೆ ಎದ್ದು ಪುಡಿಯಾಗಿ ನೀರೆಲ್ಲ ರಾಡಿ.

ಪಂಪ್‌ರೂಂ, ಬೆಂಗಳೂರು

ಚೀಲದ ಬಲೆ ಮಾತು ನೂರಕ್ಕೆ ನೂರು ನಿಜ. ಕೈ ಓಡಿಸೋ ರೀತಿನೂ ಕಲೀಬೇಕು. ಹೊಸ ಹುಡುಗರು ಬಲೆನ ಸರ್ರಂತ ತಳ್ತಾರೆ, ಮುಂದೆ ಅಲೆ ಎದ್ದು ಎಲೆ ದೂರ ಹೋಗುತ್ತೆ. ಗಾಳಿ ಬೀಸೋ ದಿಕ್ಕಿಗೆ ಬೆನ್ನು ಕೊಟ್ಟು ನಿಂತು, ಬಲೆನ ನೀರಿಗೆ ಓರೆಯಾಗಿ ಇಳಿಸಿ, ಅನ್ನದ ಗಂಜಿ ಮೇಲಿನ ಕೆನೆ ತೆಗೆದ ಹಾಗೆ ನಿಧಾನಕ್ಕೆ ಎಳ್ಕೊಂಡು ಬರಬೇಕು. 90 ಚದರ ಮೀಟರ್ ಕೊಳಕ್ಕೆ ಹದಿನೈದು ನಿಮಿಷ ಸಾಕು.

ಧಾರವಾಡದ ಬೇವು

ನಮ್ಮ ಕಡೆ ಬೇವಿನ ಗಿಡ ಭಾಳ. ಶಿವರಾತ್ರಿ ಮುಗೀತಂದ್ರ ಎಲಿ ಉದುರೂದು ಶುರು. ನಾನು ಕಂಡಿದ್ದೇನಂದ್ರ, ಅರ್ಧ ಕಸ ಗಿಡದಿಂದ ನೇರ ನೀರಿಗೆ ಬೀಳೂದಿಲ್ರಿ, ನೆಲಕ್ಕ ಬಿದ್ದಿದ್ದು ಗಾಳಿಗೆ ಹಾರಿ ಬರ್ತದ. ಹಂಗಾಗಿ ಕೊಳದ ಸುತ್ತಲಿನ ಕಟ್ಟೀನ ನೀರಿನಂಚಿನಿಂದ ಹೊರಗಡೆ ಗುಡಿಸ್ರಿ, ಎಂದೂ ಒಳಗಡೆ ಗುಡಿಸಬ್ಯಾಡ್ರಿ. ಪೈಪ್ ಹಿಡಿದು ನೀರು ಬಿಟ್ಟು ತೊಳೀಲಿಕ್ಕೆ ಹೋದ್ರ ಮಣ್ಣು, ಎಲಿಪುಡಿ ಎಲ್ಲ ಕೊಳಕ್ಕ ಹೋಗ್ತದ. ಒಣ ಪೊರಕಿ ಸಾಕು. ಅತ್ತಿಯವರು ಜಾರಿ ಬಿದ್ದ ಅಕ್ಕಾರೂ ಇದನ್ನ ಮಾಡಿಸ್ರಿ, ದಿನಾ ಎರಡು ಹೊತ್ತು ಒಣ ಪೊರಕಿ ಬಿತ್ತಂದ್ರ ಜಾರೂದೂ ನಿಲ್ತದ.

ಎರಡನೇ ಮಹಡಿ, ಬೆಂಗಳೂರು

ನಿಜ ಹೇಳಬೇಕಂದರೆ ನಮ್ಮಲ್ಲಿ ಪೈಪ್ ಹಿಡಿದು ತೊಳೆಯೋದೇ ರೂಢಿ. ಅತ್ತೆ ಬಿದ್ದ ದಿನವೂ ಆಗಷ್ಟೇ ತೊಳೆದಿದ್ದರು. ಇದನ್ನ ಸೂಪರ್‌ವೈಸರ್‌ಗೆ ಹೇಳ್ತೀನಿ. ಒಂದು ಪ್ರಶ್ನೆ: ಮೇಲೆ ಬಲೆ ಕಟ್ಟಿಬಿಟ್ಟರೆ ಆಗಲ್ವಾ?

ಪಂಪ್‌ರೂಂ, ಬೆಂಗಳೂರು

ಕಟ್ಟಬಹುದು ಮೇಡಂ, ಆದರೆ ಎತ್ತರದಲ್ಲಿ, ಕಂಬ ನಿಲ್ಲಿಸಿ ಬಿಗಿಯಾಗಿ, ಮರದ ಕಡೆಯ ಒಂದು ಪಟ್ಟಿಗೆ ಮಾತ್ರ. ನೀರಿನ ಮೇಲೆ ಸಡಿಲವಾಗಿ ಹಾಸಿದ ಬಲೆ ತುಂಬಾ ಅಪಾಯ. ಮಗು ಅದನ್ನ ಗಟ್ಟಿ ಅಂದುಕೊಂಡು ಕಾಲಿಟ್ಟರೆ ಬಲೆ ಸಮೇತ ಒಳಗೆ ಹೋಗುತ್ತೆ, ಸುತ್ತಿಕೊಂಡರೆ ಈಜು ಬಂದರೂ ಮೇಲೆ ಬರೋಕಾಗಲ್ಲ. ಎಲೆಯ ಬಲೆ ಬೇರೆ, ಮಕ್ಕಳ ರಕ್ಷಣೆಗೆ ಅಂತಲೇ ಮಾಡಿದ ಹೊದಿಕೆ ಬೇರೆ.

ಹೊಂಗೆನೆರಳು, ಬೆಂಗಳೂರು

ಎರಡು ದಿನದ ಸಮಾಚಾರ. ಮಟ್ಟ ಇಳಿಸಿದೆವು, ನಳಿಕೆ ತಿರುಗಿಸಿದೆವು, ವಾಲ್ವ್ ಹೇಳಿದ ಹಾಗೆ ಇಟ್ಟೆವು. ಫ್ಲಾಪ್ ಅಂಗಡಿಯಿಂದ ಬರೋಕೆ ಇನ್ನೊಂದು ದಿನ ಬೇಕಂತೆ. ಆದರೂ ಇವತ್ತು ಬೆಳಿಗ್ಗೆ 6 ಗಂಟೆಗೆ ಬುಟ್ಟಿ ಎತ್ತಿದರೆ ಎರಡು ಕೈಯಲ್ಲಿ ಎತ್ತುವಷ್ಟು ಭಾರ! ಒತ್ತಿ ತುಂಬಿದ ಹಾಗೆ ಎಲೆ.

ಜೊತೆಗೆ ಸಮಿತಿಗೆ ತೋರಿಸೋಕೆ ಅಂತ ಬಾಲ್ಕನಿಯಲ್ಲಿ ಎರಡು ಬಿಳಿ ಬಕೆಟ್ ಇಟ್ಟೆ. ಎರಡಕ್ಕೂ ಕೊಳದ ನಳಿಕೆಯ ನೀರಲ್ಲ, ನಲ್ಲಿ ನೀರು. ಎರಡಕ್ಕೂ ಐವತ್ತು ಹೊಂಗೆ ಎಲೆ. ಒಂದರಲ್ಲಿ ಎಲೆನ ಎರಡು ಗಂಟೆ ಕಳೆದ ಮೇಲೆ ತೆಗೆದುಬಿಟ್ಟೆ, ಇನ್ನೊಂದರಲ್ಲಿ ಬಿಟ್ಟೆ. ತೆಗೆದ ಬಕೆಟ್ ನೀರು ಈಗಲೂ ತಿಳಿ. ಬಿಟ್ಟದ್ದರಲ್ಲಿ ಎಲೆ ಒಂದೊಂದಾಗಿ ತಳ ಸೇರಿವೆ, ನೀರಿಗೆ ಹಳದಿ ಛಾಯೆ ಬಂದಿದೆ, ಅಂಚಿನಲ್ಲಿ ಲೋಳೆ ಕೈಗೆ ತಾಗುತ್ತೆ. ಎರಡನ್ನೂ ಭಾನುವಾರ ಸಭೆಗೆ ಒಯ್ಯುತ್ತೇನೆ.

ಈಗ ಇರೋ ಬಣ್ಣ, ಕಣ್ಣುರಿಗೆ ಏನು ಮಾಡಲಿ? ಖಾಲಿ ಮಾಡೋಕೆ ಮನಸ್ಸಿಲ್ಲ. 2024ರ ಮಾರ್ಚ್‌ ನೆನಪಿದೆ. ಜಲಮಂಡಳಿ ಈಜುಕೊಳಕ್ಕೆ ಕುಡಿಯೋ ನೀರು ಬಳಸಬಾರದು ಅಂತ ನಿಷೇಧ ಹಾಕಿ, 5,000 ರೂಪಾಯಿ ದಂಡ ಅಂದಿತ್ತು. ನಮ್ಮ ಬೋರ್‌ವೆಲ್ ಆಗ ಬತ್ತಿತ್ತು, ಟ್ಯಾಂಕರ್‌ಗೆ ಸರದಿ ಕಾದಿದ್ದೆವು. ಮತ್ತೆ ಬೇಸಿಗೆ ಎದುರಿಗೆ ಲಕ್ಷ ಲೀಟರ್ ಚರಂಡಿಗೆ ಬಿಡೋದು ಸರಿ ಅನ್ನಿಸ್ತಿಲ್ಲ.

ಪಂಪ್‌ರೂಂ, ಬೆಂಗಳೂರು

ಬಿಡಬೇಡಿ. ಆ ನೀರು ಉಳಿಯುತ್ತೆ.

ಕ್ಲೋರಿನ್ ವಾಸನೆ ಜೋರಾಗಿದೆ ಅಂದರೆ ಕ್ಲೋರಿನ್ ಜಾಸ್ತಿ ಆಗಿದೆ ಅಂತ ಎಲ್ಲರೂ ತಿಳ್ಕೋತಾರೆ. ನಿಜ ಹೆಚ್ಚಾಗಿ ಉಲ್ಟಾ. ಬೆವರು, ಮೂತ್ರ, ಕೊಳೆತ ಕಸ ಇವುಗಳ ಜೊತೆ ಸೇರಿ ಕೆಲಸಕ್ಕೆ ಬಾರದೆ ಉಳಿದ ಕ್ಲೋರಿನ್‌ದು ಆ ವಾಸನೆ, ಆ ಕಣ್ಣುರಿ. ಶುದ್ಧ ಮಾಡೋ ಕ್ಲೋರಿನ್ ಎಲೆ ಜೊತೆ ಹೋರಾಡಿಯೇ ಮುಗಿದಿದೆ. ನಿಮ್ಮ ಕಿಟ್‌ನಲ್ಲಿ ತೊಟ್ಟು ಹಾಕಿದರೆ ಹಳದಿ ಬಣ್ಣ ಬರುತ್ತಾ? ಅದು ಒಟ್ಟು ಕ್ಲೋರಿನ್ ಮಾತ್ರ ಹೇಳೋ ಕಿಟ್. ಗುಲಾಬಿ ಬಣ್ಣ ಬರೋ ಡಿಪಿಡಿ ಕಿಟ್ ತನ್ನಿ, ಅದರಲ್ಲಿ ಮುಕ್ತ ಕ್ಲೋರಿನ್ (ಇನ್ನೂ ಶುದ್ಧ ಮಾಡೋ ಶಕ್ತಿ ಇರೋದು), ಒಟ್ಟು ಕ್ಲೋರಿನ್ ಎರಡೂ ಬೇರೆ ಬೇರೆ ಗೊತ್ತಾಗುತ್ತೆ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಕಣ್ಣುರಿ.

ಮೊದಲು ಚೀಲದ ಬಲೆಯಲ್ಲಿ ತಳದ ಎಲೆ ಎಲ್ಲ ಎತ್ತಿ. ಎಲೆ ಒಳಗಿಟ್ಟುಕೊಂಡು ಔಷಧಿ ಹಾಕೋದು ದುಡ್ಡನ್ನ ಎಲೆಗೆ ತಿನ್ನಿಸಿದ ಹಾಗೆ. ಆಮೇಲೆ ಗೋಡೆ ಉಜ್ಜಿ, ಉಳಿದ ರಾಡಿಯನ್ನ ವ್ಯಾಕ್ಯೂಮ್ ಮಾಡಿ ಫಿಲ್ಟರ್‌ಗೆ ಕಳಿಸದೆ ಹೊರಗೆ ಬಿಡಿ. ನಿಮ್ಮ ಪಂಪ್ ಗಂಟೆಗೆ 18 ಸಾವಿರ ಲೀಟರಿನದು ಇರಬೇಕು, ಅರ್ಧ ಗಂಟೆ ಹೊರಬಿಟ್ಟರೆ 9 ಸಾವಿರ ಲೀಟರ್, ಕೊಳದಲ್ಲಿ 10 ಸೆಂಟಿಮೀಟರ್ ಇಳಿಯುತ್ತೆ. ಅದಕ್ಕೇ ಕೈಬಲೆ ಕೆಲಸ ಮೊದಲು ಚೆನ್ನಾಗಿ ಆಗಬೇಕು, ಆಗ ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಆ ನೀರನ್ನ ಗಿಡಕ್ಕೋ ಮಳೆನೀರು ಇಂಗುಗುಂಡಿಗೋ ಬಿಡಬೇಡಿ.

ಅದಾದ ಮೇಲೆ ಪಿಎಚ್ 7.2ರಿಂದ 7.6ರ ನಡುವೆ ತಂದು, ಸೂರ್ಯ ಮುಳುಗಿದ ಮೇಲೆ ಕ್ಲೋರಿನ್ ಏರಿಸಿ. 65 ಶೇಕಡಾ ಶಕ್ತಿಯ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿಯಾದರೆ ನಿಮ್ಮ ಕೊಳಕ್ಕೆ 1 ಪಿಪಿಎಂ (ಲೀಟರಿಗೆ ಒಂದು ಮಿಲಿಗ್ರಾಂ) ಏರಿಸೋಕೆ ಸುಮಾರು 165 ಗ್ರಾಂ ಬೇಕು. 10 ಪಿಪಿಎಂ ಅಂದರೆ 1.65 ಕೆಜಿ. ಬಕೆಟ್‌ನಲ್ಲಿ ನೀರು ಮೊದಲು, ಪುಡಿ ಆಮೇಲೆ. ಪುಡಿ ಮೇಲೆ ನೀರು ಎಂದೂ ಹುಯ್ಯಬೇಡಿ. ಟಿಸಿಸಿಎ ಅನ್ನೋ ಇನ್ನೊಂದು ಬಗೆಯ ಕ್ಲೋರಿನ್ ಮಾತ್ರೆ ಹಾಕೋ ಬಕೆಟ್, ಚಮಚ ಇದಕ್ಕೆ ಮುಟ್ಟಿಸಲೇಬೇಡಿ, ಅವೆರಡೂ ಸೇರಿದರೆ ಬೆಂಕಿ ಹತ್ತುತ್ತೆ, ಸಿಡಿಯುತ್ತೆ. ಇದನ್ನ ಗೋಡೆ ಮೇಲೆ ಬರೆಸಿ.

ರಾತ್ರಿಯೆಲ್ಲ ಪಂಪ್ ಓಡಲಿ. ಫಿಲ್ಟರ್‌ನ ಒತ್ತಡದ ಮೀಟರ್ ಶುದ್ಧ ಇದ್ದಾಗಿನದಕ್ಕಿಂತ ಅರ್ಧ ಬಾರ್ ಮೇಲೆ ಹೋದರೆ ಬ್ಯಾಕ್‌ವಾಶ್, ಅಂದರೆ ನೀರನ್ನ ಉಲ್ಟಾ ಹರಿಸಿ ಫಿಲ್ಟರ್ ತೊಳೆಯೋದು, ಮೂರು ನಿಮಿಷ, 900 ಲೀಟರ್. ಮುಕ್ತ ಕ್ಲೋರಿನ್ 3 ಪಿಪಿಎಂಗೆ ಇಳಿಯೋವರೆಗೂ ಯಾರನ್ನೂ ಬಿಡಬೇಡಿ. ಡಿಕಾಕ್ಷನ್ ಬಣ್ಣ ಎಲೆಯ ಒಗರಿಂದ ಬಂದಿದ್ದು, ಕ್ಲೋರಿನ್‌ಗೆ ಬಿಳಿಚುತ್ತೆ. ಟೈಲ್ಸ್ ಸಂದಿನಲ್ಲಿ ಎಲೆ ಆಕಾರದ ಕಲೆ ಉಳಿದಿದ್ದರೂ ಅದರಲ್ಲೇ ಹೋಗುತ್ತೆ. ಹೋಗದೆ ಉಳಿದರೆ ಅದು ಕಬ್ಬಿಣದ ಕಲೆ, ಬೋರ್ ನೀರಿಂದ ಬಂದಿರೋದು, ಬೇರೆ ದಾರಿ ನೋಡೋಣ.

ಸಸ್ಯಶಾಸ್ತ್ರದ ಮೇಷ್ಟ್ರು, ಮೈಸೂರು

ಎತ್ತಿದ ಎಲೆಯನ್ನು ಕಸದ ಲಾರಿಗೆ ಕೊಡಬೇಡಿ. ಹೊಂಗೆ ಸೊಪ್ಪು ನಮ್ಮ ರೈತರು ಗದ್ದೆಗೆ ತುಳಿಯುತ್ತಿದ್ದ ಹಸಿರೆಲೆ ಗೊಬ್ಬರ. ಎರಡು ಮೂರು ದಿನ ಬಿಸಿಲಿಗೆ ಹರಡಿ ಕ್ಲೋರಿನ್ ಹಾರಿಸಿ, ಕಾಂಪೋಸ್ಟ್ ಗುಂಡಿಗೆ ಹಾಕಿ.

ಮುಂದೆ ಯಾರಾದರೂ ಕೊಳದ ಪಕ್ಕ ಹೊಸದಾಗಿ ನೆಡುವವರಿದ್ದರೆ, ದೇವಕಣಗಿಲೆ ನೆಡಿ. ದೊಡ್ಡ ಎಲೆ, ದೊಡ್ಡ ಹೂವು, ಕೈಯಲ್ಲೇ ಎತ್ತಬಹುದು. ಬರೀ ಕಣಗಿಲೆ ಮಾತ್ರ ಬೇಡ, ಅದರ ಎಲೆ, ಹೂ ಎಲ್ಲ ವಿಷ, ಮಕ್ಕಳು ಆಡುವ ನೀರಿಗೆ ಅದು ಬೀಳಬಾರದು.

ಹೊಂಗೆನೆರಳು, ಬೆಂಗಳೂರು

ಸಭೆ ಮುಗೀತು. ಬರೆಯೋಕೆ ತಡವಾಯಿತು, ಕ್ಷಮಿಸಿ.

ಎರಡು ಬಕೆಟ್ ಮೇಜಿನ ಮೇಲಿಟ್ಟೆ. ಅಷ್ಟು ಹೊತ್ತಿಗೆ ಎರಡನೆಯದು ನಿಜವಾಗಲೂ ಟೀ ಬಣ್ಣಕ್ಕೆ ಬಂದಿತ್ತು, ವಾಸನೆಯೂ ಇತ್ತು. ಬುಟ್ಟಿಯಿಂದ ತೆಗೆದ ಎಲೆಯನ್ನ ದಿನದಿನಕ್ಕೆ ತೂಗಿ ಬರೆದಿಟ್ಟಿದ್ದೆ, ಅದನ್ನೂ ಓದಿದೆ. ಮೇಷ್ಟ್ರು ಹೇಳಿದ ಕಾಯ್ದೆ ಹೇಳಿದಾಗ ಕೆಲವರು ಮೊದಲ ಸಲ ಕೇಳ್ತಿರೋ ಹಾಗೆ ನೋಡಿದರು. ಮರ ಕಡಿಯೋ ಪ್ರಸ್ತಾಪ ಸದ್ಯಕ್ಕೆ ಕೈಬಿಟ್ಟಿದ್ದಾರೆ. ಈ ಒಂದು ಹೂವಿನ ಕಾಲ ನೋಡೋಣ, ಸರಿಹೋಗದಿದ್ದರೆ ಮತ್ತೆ ಮಾತಾಡೋಣ ಅಂದರು. ನೀರಿಗೆ ಚಾಚಿದ ಎರಡು ಕೊಂಬೆ ಇಳಿಸೋಕೆ ಅನುಮತಿಗೆ ಅರ್ಜಿ ಕೊಡ್ತಿದ್ದೇವೆ.

ನೀರು ಖಾಲಿ ಮಾಡಲಿಲ್ಲ. ಪಂಪ್‌ರೂಂ ಅವರು ಹೇಳಿದ ಕ್ರಮದಲ್ಲೇ ಮಾಡಿದೆವು, ಮೂರನೇ ದಿನ ಬೆಳಿಗ್ಗೆ ಆಳದ ತುದಿಯ ಡ್ರೈನ್ ಜಾಲಿಯ ತೂತು ಎಣಿಸೋ ಹಾಗೆ ಕಾಣಿಸ್ತು. ಜಾಲಿಯ ಒಂದು ಸ್ಕ್ರೂ ಇರಲಿಲ್ಲ. ಅವತ್ತೇ ಹಾಕಿಸಿದೆವು. ನೀವು ಹೇಳದಿದ್ದರೆ ಆ ರಾಡಿ ನೀರಲ್ಲಿ ಅದು ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಅದನ್ನ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತೆ.

ಕೈಬಲೆ ಕೆಲಸ ಮಾಡೋ ಹುಡುಗನಿಗೆ ಈ ಮೂರು ತಿಂಗಳು ದಿನಕ್ಕೆ ಒಂದು ಗಂಟೆ ಹೆಚ್ಚಿನ ಸಂಬಳ ಕೊಡೋದು ಅಂತ ಕೂಡ ಒಪ್ಪಿಸಿದೆ. ಮೊದಲು ಅದಕ್ಕೇ ಹೆಚ್ಚು ವಿರೋಧ ಇತ್ತು.

ಮೊಗ್ಗು ಕಾಣಿಸಿಕೊಂಡಿದೆ. ಕಾಲುಚೀಲ ಒಂದು ಡಜನ್ ತರಿಸಿಟ್ಟಿದ್ದೇನೆ. ಕಡಲತಡಿ ಅವರೇ, ಎರಡು ಬುಟ್ಟಿಗೂ ಒಟ್ಟಿಗೆ ಹಾಕಬೇಕಾ, ಒಂದಕ್ಕೆ ಸಾಕಾ?

ಕಡಲತಡಿ, ಉಡುಪಿ

ಒಂದಕ್ಕೆ ಮಾತ್ರ ಹಾಕಿ. ಅದು ಕಟ್ಟಿದರೂ ಇನ್ನೊಂದರಿಂದ ಪಂಪಿಗೆ ನೀರು ಬರ್ತಾ ಇರಬೇಕು. ಗಾಳಿ ಯಾವ ಮೂಲೆಗೆ ಹೂ ತಳ್ತದೆ ನೋಡಿ, ಆ ಕಡೆಯದ್ದಕ್ಕೆ ಹಾಕಿ.